ಸೆನ್ಸರ್, ಕ್ಯಾಮೆರಾ ಇಟ್ಕೊಂಡು ಮೋಷನ್ ಡಿಟೆಕ್ಷನ್ ಮಾಡೋದು ಹೇಗೆ (ಸುಳ್ಳು ಅಲಾರಂ ಇಲ್ದೆ)

ಒಂದು ಮೋಷನ್ ಸೆನ್ಸರ್ ತಂದು ಬೋರ್ಡಿಗೆ (ಇಎಸ್‌ಪಿ32, ರಾಸ್ಪ್‌ಬೆರಿ ಪೈ ಥರದ ಪುಟ್ಟ ಕಂಪ್ಯೂಟರ್) ಜೋಡ್ಸಿ ಕೈ ಆಡ್ಸಿದಾಗ ಎಲ್‌ಇಡಿ ಹತ್ತೋ ಹಾಗೆ ಮಾಡೋದು ಹತ್ತು ನಿಮಿಷದ ಕೆಲಸ. ಅದೇ ಸೆಟಪ್‌ನ ಒಂದು ವಾರ ಹಾಗೇ ಬಿಟ್ಟು ಲಾಗ್ ತೆಗೆದು ನೋಡಿ, ರಾತ್ರಿ ಯಾರೂ ಇಲ್ದಾಗ ಇಪ್ಪತ್ ಸಲ ಕೂಗಿರತ್ತೆ, ನಿಜವಾಗ್ಲೂ ಜನ ಎದುರಿಂದ ನಡ್ಕೊಂಡ್ ಬಂದಾಗ ಮಾತ್ರ ಸುಮ್ನೆ ಕೂತಿರತ್ತೆ. ಎರಡು ದಿನ ಹೀಗಾದ್ರೆ ಮನೆಯವರೆಲ್ಲ ಅಲಾರಂ ಕಡೆ ನೋಡೋದೇ ಬಿಡ್ತಾರೆ, ಆಮೇಲೆ ಅದು ಇದ್ರೂ ಒಂದೇ ಇಲ್ದಿದ್ರೂ ಒಂದೇ. ಅದಕ್ಕೆ ಈ ಗೈಡಲ್ಲಿ ಚಲನೆ ಹಿಡಿಯೋದು ಹೇಗೆ ಅನ್ನೋದಕ್ಕಿಂತ ಬೇಡದ ಚಲನೆನ ಬಿಟ್ಟುಬಿಡೋದು ಹೇಗೆ ಅನ್ನೋದ್ರ ಬಗ್ಗೆನೇ ಜಾಸ್ತಿ ಬರೀತೀನಿ, ಯಾಕಂದ್ರೆ ನನ್ನ ಟೈಮ್ ಎಲ್ಲ ಹೋಗಿದ್ದು ಅಲ್ಲೇ.

ಏನೂ ಕೊಳ್ಳೋಕ್ ಮುಂಚೆ

ಒಂದು ಹಾಳೆ ತಗೊಂಡು ಎರಡು ವಿಷಯ ಬರ್ಕೊಳ್ಳಿ. ಏನನ್ನ ಹಿಡೀಬೇಕು, ಏನನ್ನ ಹಿಡೀಬಾರ್ದು. ಮನುಷ್ಯ ಬಂದ್ರೆ ಬೇಕು, ಬೆಕ್ಕು ಬಂದ್ರೆ ಬೇಡ, ಗಾಡಿ ಗೇಟ್ ಒಳಗೆ ಬಂದ್ರೆ ಬೇಕು, ರಸ್ತೇಲಿ ಹಾದು ಹೋದ್ರೆ ಬೇಡ, ಈ ಥರ. ಆಮೇಲೆ ಅದು ಎಷ್ಟು ದೂರದಲ್ಲಿ ಇರತ್ತೆ, ಎಷ್ಟು ಸ್ಪೀಡಲ್ಲಿ ಬರತ್ತೆ, ಸೆನ್ಸರ್ ಕಡೆಗೆ ನೇರ ಬರತ್ತಾ ಅಥವಾ ಅಡ್ಡ ಹಾಯತ್ತಾ, ಕತ್ತಲಲ್ಲೂ ಕೆಲಸ ಆಗ್ಬೇಕಾ, ಕರೆಂಟ್ ಇದೆಯಾ ಇಲ್ಲ ಬ್ಯಾಟರಿನಾ, ಇಷ್ಟನ್ನೂ ಬರೀರಿ. ಈ ಹಾಳೆ ಇಲ್ದೆ ಸೆನ್ಸರ್ ಆರ್ಸೋಕ್ ಹೋದ್ರೆ ಮೂರು ನಾಲ್ಕು ಮಾಡ್ಯೂಲ್ ತಂದು ಡ್ರಾಯರಲ್ಲಿ ಇಟ್ಟಿದ್ದೇ ಆಗತ್ತೆ.

ಎಲ್ಲ ಸೆನ್ಸರೂ ಒಂದು ವಿಷಯದಲ್ಲಿ ಒಂದೇ, ಹಿಂದೆ ಇದ್ದದ್ದಕ್ಕೂ ಈಗ ಇರೋದಕ್ಕೂ ವ್ಯತ್ಯಾಸ ಏನು ಅಂತ ನೋಡ್ತಾವೆ. ಒಂದು ಶಾಖದ ವ್ಯತ್ಯಾಸ ನೋಡತ್ತೆ, ಇನ್ನೊಂದು ರೇಡಿಯೋ ಅಲೆ ವಾಪಸ್ ಬಂದಾಗ ಫ್ರೀಕ್ವೆನ್ಸಿ ಎಷ್ಟು ಬದಲಾಯ್ತು ಅಂತ ನೋಡತ್ತೆ, ಕ್ಯಾಮೆರಾ ಪಿಕ್ಸೆಲ್ ವ್ಯತ್ಯಾಸ ನೋಡತ್ತೆ. ನೀವು ಹಿಡೀಬಾರ್ದು ಅಂತ ಬರ್ಕೊಂಡಿರೋ ವಸ್ತು ಯಾವ ಥರದ ವ್ಯತ್ಯಾಸ ಉಂಟುಮಾಡಲ್ವೋ ಆ ಸೆನ್ಸರ್ ಆರ್ಸ್ಕೊಂಡ್ರೆ ಅರ್ಧ ಕೆಲಸ ಅಲ್ಲೇ ಮುಗೀತು.

ಪಿಐಆರ್, ಎಲ್ಲರೂ ಶುರು ಮಾಡೋದು ಇಲ್ಲಿಂದ್ಲೇ

ಪಿಐಆರ್ ಅಂದ್ರೆ ಪ್ಯಾಸಿವ್ ಇನ್ಫ್ರಾರೆಡ್, ತಾನೇನೂ ಕಳ್ಸದೆ ಎದುರಿಂದ ಬರೋ ಶಾಖದ ಕಿರಣನ ಮಾತ್ರ ನೋಡೋ ಸೆನ್ಸರ್. ಬಿಳಿ ಗುಮ್ಮಟದ ಥರ ಪ್ಲಾಸ್ಟಿಕ್ ಮುಚ್ಚಳ ಇರೋ ಎಚ್‌ಸಿ-ಎಸ್‌ಆರ್501 ಮಾಡ್ಯೂಲನ್ನ ನೋಡೇ ಇರ್ತೀರ. ನಮ್ಮ ಮೈಯಿಂದ ಇನ್ಫ್ರಾರೆಡ್ ಕಿರಣ ಯಾವಾಗ್ಲೂ ಹೊರಗೆ ಬರ್ತಾ ಇರತ್ತೆ, ಅದ್ರ ತರಂಗಾಂತರ ಹೆಚ್ಚುಕಮ್ಮಿ 9ರಿಂದ 10 ಮೈಕ್ರೋಮೀಟರ್ ಹತ್ರ ಜೋರಾಗಿರತ್ತೆ. ಪಿಐಆರ್ ಒಳಗೆ ಇರೋ ಪೈರೋಎಲೆಕ್ಟ್ರಿಕ್ ವಸ್ತು ತನ್ನ ಉಷ್ಣತೆ ಬದಲಾದಾಗ ಮಾತ್ರ ಚಾರ್ಜ್ ಕೊಡತ್ತೆ. ಅಂಥ ಎರಡು ತುಂಡನ್ನ ಒಂದಕ್ಕೊಂದು ಉಲ್ಟಾ ಜೋಡ್ಸಿರ್ತಾರೆ, ಹಾಗಾಗಿ ಇಡೀ ರೂಮು ಒಟ್ಟಿಗೆ ಬಿಸಿ ಆದ್ರೆ ಎರಡೂ ಕ್ಯಾನ್ಸಲ್ ಆಗೋಗತ್ತೆ, ಒಂದು ಬಿಸಿ ವಸ್ತು ಒಂದು ತುಂಡಿನ ನೋಟದಿಂದ ಇನ್ನೊಂದರ ನೋಟಕ್ಕೆ ದಾಟಿದಾಗ ಮಾತ್ರ ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರತ್ತೆ. ಆ ಬಿಳಿ ಮುಚ್ಚಳ ಅಂದ್ರೆ ಫ್ರೆನೆಲ್ ಲೆನ್ಸ್, ಅದು ಎದುರಿನ ಜಾಗನ ಬೀಸಣಿಗೆ ಥರ ಸುಮಾರು ಪಟ್ಟಿಗಳಾಗಿ ಹಂಚತ್ತೆ.

ಇದನ್ನ ಇಷ್ಟು ಬಿಡ್ಸಿ ಹೇಳಿದ್ದು ಯಾಕಂದ್ರೆ ಎಲ್ಲಿ ಹಾಕ್ಬೇಕು ಅನ್ನೋದು ಇದ್ರಿಂದ್ಲೇ ಗೊತ್ತಾಗತ್ತೆ. ಪಟ್ಟಿಗಳನ್ನ ಅಡ್ಡ ದಾಟಿದ್ರೆ ಚೆನ್ನಾಗಿ ಹಿಡಿಯತ್ತೆ, ಸೆನ್ಸರ್ ಕಡೆಗೆ ನೇರವಾಗಿ ನಡ್ಕೊಂಡ್ ಬಂದ್ರೆ ಒಂದೇ ಪಟ್ಟಿ ಒಳಗೆ ಉಳಿದು ತೀರಾ ಹತ್ರ ಬರೋ ತನಕ ಗೊತ್ತೇ ಆಗ್ದೇ ಇರಬಹುದು. ನಾನು ಮೊದಲನೇ ಸಲ ಉದ್ದ ಓಣಿಯ ತುದಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಹಾಕಿದ್ದೆ, ಜನ ಅರ್ಧ ಓಣಿ ದಾಟಿದ ಮೇಲೆ ಟ್ರಿಗರ್ ಆಗ್ತಿತ್ತು. ಅದನ್ನ ಪಕ್ಕದ ಗೋಡೆಗೆ ತಂದು ಅಡ್ಡ ನೋಡೋ ಹಾಗೆ ಹಾಕಿದ್ಮೇಲೆ ಸಮಸ್ಯೆನೇ ಇಲ್ಲ. ಎತ್ತರ ಎರಡರಿಂದ ಎರಡೂವರೆ ಮೀಟರ್ ಇಟ್ಟು ಸ್ವಲ್ಪ ಕೆಳಗೆ ಬಾಗ್ಸಿ. ಗಾಜಿನ ಹಿಂದೆ ಮಾತ್ರ ಹಾಕ್ಬೇಡಿ, ಕಿಟಕಿ ಗಾಜು ನಮಗೆ ಪಾರದರ್ಶಕ ಇರಬಹುದು, ಈ ತರಂಗಾಂತರಕ್ಕೆ ಅದು ಗೋಡೆನೇ. ಹಾಗೇನೇ ಸೆಖೆ ಜೋರಿದ್ದು ಸುತ್ತಲಿನ ಉಷ್ಣತೆ 35 ಡಿಗ್ರಿ ಹತ್ರ ಬಂದಾಗ ಮೈಗೂ ಹಿನ್ನೆಲೆಗೂ ವ್ಯತ್ಯಾಸ ಕಮ್ಮಿ ಆಗಿ ಸೆನ್ಸರ್ ಮಂಕಾಗತ್ತೆ, ಬೇಸಿಗೆ ಮಧ್ಯಾಹ್ನ ಕೆಲಸ ಮಾಡ್ತಿಲ್ಲ ಅಂದ್ರೆ ಮಾಡ್ಯೂಲ್ ಹಾಳಾಗಿದೆ ಅಂತ ಬಿಸಾಕ್ಬೇಡಿ.

ಜೋಡ್ಸೋದು ಸುಲಭ, ವಿಸಿಸಿ (ಪವರ್) ಪಿನ್ನಿಗೆ 5 ವೋಲ್ಟ್, ಗ್ರೌಂಡಿಗೆ ಗ್ರೌಂಡ್, ಮಧ್ಯದ ಔಟ್‌ಪುಟ್ ಪಿನ್ ಬೋರ್ಡಿನ ಒಂದು ಇನ್‌ಪುಟ್ ಪಿನ್ನಿಗೆ. ಔಟ್‌ಪುಟ್ 3.3 ವೋಲ್ಟ್ ಇರೋದ್ರಿಂದ ರಾಸ್ಪ್‌ಬೆರಿ ಪೈಗೂ ಇಎಸ್‌ಪಿ32ಗೂ ನೇರ ಕೊಡಬಹುದು. ಬ್ಯಾಟರಿ ಮೇಲೆ 3.3 ವೋಲ್ಟಲ್ಲೇ ನಡೀಬೇಕು ಅಂದ್ರೆ ಎಎಂ312 ಅನ್ನೋ ಪುಟ್ಟ ಮಾಡ್ಯೂಲ್ ತಗೊಳ್ಳಿ, ಅದ್ರ ದೂರ ಕಮ್ಮಿ, ಆದ್ರೆ ತಂಟೆ ಇಲ್ಲ. ಪವರ್ ಕೊಟ್ಟ ಮೇಲೆ ಒಂದು ನಿಮಿಷ ಬಿಡಿ, ಆ ಹೊತ್ತಲ್ಲಿ ಅದು ಸುತ್ತಲಿನ ಶಾಖಕ್ಕೆ ಹೊಂದ್ಕೊಳ್ತಾ ಸುಮ್ಸುಮ್ನೆ ಟ್ರಿಗರ್ ಆಗತ್ತೆ, ಕೋಡಲ್ಲೂ ಮೊದಲ 60 ಸೆಕೆಂಡ್ ಬಂದ ಸಿಗ್ನಲ್ ತಗೋಬೇಡಿ. ಎರಡು ತಿರುಪಿನ ಥರದ ಪಾಟ್ (ತಿರುಗ್ಸಿ ಹೆಚ್ಚುಕಮ್ಮಿ ಮಾಡೋ ರೆಸಿಸ್ಟರ್) ಇರತ್ತೆ, ಒಂದು ಸೆನ್ಸಿಟಿವಿಟಿ, ಹೆಚ್ಚುಕಮ್ಮಿ 3 ಮೀಟರಿಂದ 7 ಮೀಟರ್, ಇನ್ನೊಂದು ಔಟ್‌ಪುಟ್ ಎಷ್ಟು ಹೊತ್ತು ಆನ್ ಇರ್ಬೇಕು ಅನ್ನೋದು. ಟೈಮ್ ಪಾಟ್‌ನ ಪೂರ್ತಿ ಕಮ್ಮಿ ಮಾಡಿಡಿ, ಎಷ್ಟು ಹೊತ್ತು ಲೈಟ್ ಹತ್ತಿರ್ಬೇಕು ಅನ್ನೋದನ್ನ ಕೋಡಲ್ಲಿ ನೋಡ್ಕೊಳ್ಳೋದೇ ವಾಸಿ. ಜಂಪರ್ (ಎರಡು ಪಿನ್ ಜೋಡ್ಸೋ ಪುಟ್ಟ ಕ್ಲಿಪ್) ಇದ್ರೆ ರಿಪೀಟ್ ಮೋಡಲ್ಲಿ ಇಡಿ, ಆಗ ಚಲನೆ ಮುಂದುವರೀತಾ ಇರೋ ತನಕ ಔಟ್‌ಪುಟ್ ಆನ್ ಇರತ್ತೆ.

ಒಂದು ವಿಷಯ ತುಂಬಾ ಜನಕ್ಕೆ ತಲೆನೋವು ಕೊಡತ್ತೆ. ಇಎಸ್‌ಪಿ32 ಅಥವಾ ಇಎಸ್‌ಪಿ8266 ವೈಫೈ ಕಳ್ಸೋವಾಗ ಪಕ್ಕದಲ್ಲೇ ಪಿಐಆರ್ ಇದ್ರೆ ಆ ರೇಡಿಯೋ ಸಿಗ್ನಲ್ಲಿಗೇ ಟ್ರಿಗರ್ ಆಗತ್ತೆ, ಟ್ರಿಗರ್ ಆದ ತಕ್ಷಣ ಬೋರ್ಡ್ ಮತ್ತೆ ವೈಫೈಯಲ್ಲಿ ಮೆಸೇಜ್ ಕಳ್ಸತ್ತೆ, ಅದಕ್ಕೆ ಮತ್ತೆ ಟ್ರಿಗರ್, ಹೀಗೆ ಸುತ್ತುತ್ತಾನೇ ಇರತ್ತೆ. ಆಂಟೆನಾದಿಂದ ಸೆನ್ಸರ್ ದೂರ ಇಡಿ, ಸಪ್ಲೈ ಲೈನಿಗೆ ಅಡ್ಡ ಒಂದು ಕೆಪ್ಯಾಸಿಟರ್ ಹಾಕಿ, ಔಟ್‌ಪುಟ್‌ಗೆ 10 ಕಿಲೋ ಓಮ್ ಪುಲ್‌ಡೌನ್ (ಗ್ರೌಂಡಿಗೆ ಜೋಡ್ಸೋ ರೆಸಿಸ್ಟರ್) ಕೊಡಿ. ಇಷ್ಟರಲ್ಲಿ ಸಾಮಾನ್ಯವಾಗಿ ಸರಿಹೋಗತ್ತೆ.

ರಾಡಾರ್ ಮತ್ತೆ ಅಲ್ಟ್ರಾಸೋನಿಕ್

ಪಿಐಆರ್‌ಗೆ ಅಲ್ಲಾಡದೆ ಕೂತವರು ಕಾಣಲ್ಲ, ಓದ್ತಾ ಕೂತಿದ್ದಾಗ ಲೈಟ್ ಆಫ್ ಆಗೋದು ಅದಕ್ಕೇ. ಅಲ್ಲಿ ರಾಡಾರ್ ಬೇಕು. ಡಾಪ್ಲರ್ ಪರಿಣಾಮ ಅಂತ ಓದಿರ್ತೀರ, 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ್ದು, ಅಲೆ ಚಲಿಸ್ತಿರೋ ವಸ್ತುವಿಗೆ ತಾಗಿ ವಾಪಸ್ ಬಂದಾಗ ಅದ್ರ ಫ್ರೀಕ್ವೆನ್ಸಿ ಸ್ವಲ್ಪ ಬದಲಾಗಿರತ್ತೆ. ಎಷ್ಟು ಅಂದ್ರೆ ವೇಗದ ಎರಡರಷ್ಟನ್ನ ಫ್ರೀಕ್ವೆನ್ಸಿಯಿಂದ ಗುಣಿಸಿ ಬೆಳಕಿನ ವೇಗದಿಂದ ಭಾಗಿಸ್ಬೇಕು. ಎಚ್‌ಬಿ100 ಮಾಡ್ಯೂಲ್ 10.525 ಗಿಗಾಹರ್ಟ್ಜ್, ಅದ್ರ ಕಡೆಗೆ ನೇರವಾಗಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನಡೆದ್ರೆ ಸಿಗೋ ವ್ಯತ್ಯಾಸ ಸುಮಾರು 70 ಹರ್ಟ್ಜ್. ಈ ಫ್ರೀಕ್ವೆನ್ಸಿ ಅಳೆದ್ರೆ ವೇಗನೇ ಸಿಕ್ತು, ಆದ್ರೆ ಅದ್ರ ಔಟ್‌ಪುಟ್ ತೀರಾ ಸಣ್ಣದು, ಆಂಪ್ಲಿಫೈಯರ್ ಕಟ್ಟಲೇಬೇಕು. ಬರೀ ಚಲನೆ ಇದೆಯಾ ಇಲ್ವಾ ಸಾಕು ಅಂದ್ರೆ ಆರ್‌ಸಿಡಬ್ಲ್ಯುಎಲ್-0516 ಸಾಕು, ಅದು ಪಿಐಆರ್ ಥರನೇ ಆನ್ ಆಫ್ ಸಿಗ್ನಲ್ ಕೊಡತ್ತೆ. ಇದ್ರಲ್ಲಿ ಎಚ್ಚರ ಏನಂದ್ರೆ ಪ್ಲಾಸ್ಟಿಕ್, ಮರ, ತೆಳು ಗೋಡೆ ಎಲ್ಲ ದಾಟಿ ನೋಡತ್ತೆ. ಡಬ್ಬದೊಳಗೆ ಅಡಗ್ಸಿಡೋಕೆ ಒಳ್ಳೇದು, ಪಕ್ಕದ ರೂಮಲ್ಲಿ ಯಾರೋ ಓಡಾಡಿದ್ರೂ ಟ್ರಿಗರ್ ಆಗೋದು ಕೆಟ್ಟದ್ದು. ಫ್ಯಾನ್ ತಿರುಗಿದ್ರೂ ಆಗತ್ತೆ, ಪ್ಲಾಸ್ಟಿಕ್ ಪೈಪಲ್ಲಿ ನೀರು ಹರಿದ್ರೂ ಆಗಬಹುದು. ಮುಂದೆ ಹತ್ರದಲ್ಲಿ ಲೋಹ ಇರಬಾರ್ದು.

ಕೂತವರು ಉಸಿರಾಡೋದನ್ನೂ ಹಿಡೀಬೇಕು ಅಂದ್ರೆ 24 ಗಿಗಾಹರ್ಟ್ಜ್‌ನ ಎಲ್‌ಡಿ2410 ಥರದ ಮಾಡ್ಯೂಲ್ ನೋಡಿ. ಅದು ದೂರನ 0.75 ಮೀಟರಿನ ಗೇಟುಗಳಾಗಿ ಹಂಚ್ಕೊಂಡಿರತ್ತೆ, ಪ್ರತಿ ಗೇಟಿಗೂ ಚಲಿಸೋರಿಗೊಂದು ಕೂತೋರಿಗೊಂದು ಸೆನ್ಸಿಟಿವಿಟಿ ಬೇರೆ ಬೇರೆ ಇಡಬಹುದು. ಮೂರು ಮೀಟರ್ ಆಚೆ ಗೋಡೆ ಇದ್ರೆ ಅದ್ರ ಆಚೆ ಗೇಟುಗಳನ್ನ ಆಫ್ ಮಾಡಿಬಿಡಿ, ಪಕ್ಕದ ರೂಮಿನ ಕಾಟ ತಪ್ಪತ್ತೆ. ರೂಮಲ್ಲಿ ಜನ ಇದಾರಾ ಅಂತ ತಿಳ್ಕೊಳ್ಳೋಕೆ ಈಗ ನಾನು ಬೇರೆ ಯಾವುದನ್ನೂ ಬಳಸಲ್ಲ.

ಅಲ್ಟ್ರಾಸೋನಿಕ್ ಅಂದ್ರೆ ಎಚ್‌ಸಿ-ಎಸ್‌ಆರ್04, 40 ಕಿಲೋಹರ್ಟ್ಜ್ ಶಬ್ದ ಬಿಟ್ಟು ವಾಪಸ್ ಬರೋ ಟೈಮ್ ಅಳೆಯತ್ತೆ, 2 ಸೆಂಟಿಮೀಟರಿಂದ 4 ಮೀಟರ್ ತನಕ ಅಂತ ಬರ್ದಿರ್ತಾರೆ. ಟ್ರಿಗರ್ ಪಿನ್ನಿಗೆ 10 ಮೈಕ್ರೋಸೆಕೆಂಡ್ ಪಲ್ಸ್ ಕೊಡಿ, ಎಕೋ ಪಿನ್ ಎಷ್ಟು ಮೈಕ್ರೋಸೆಕೆಂಡ್ ಹೈ ಇತ್ತೋ ಅದನ್ನ 58ರಿಂದ ಭಾಗಿಸಿದ್ರೆ ಸೆಂಟಿಮೀಟರ್. ಎರಡು ಅಳತೆ ಮಧ್ಯೆ 60 ಮಿಲಿಸೆಕೆಂಡ್ ಬಿಡಿ, ಇಲ್ಲಾಂದ್ರೆ ಹಳೇ ಪ್ರತಿಧ್ವನಿ ಬಂದು ಸೇರ್ಕೊಳ್ಳತ್ತೆ. ಐದು ರೀಡಿಂಗ್ ತಗೊಂಡು ಚಿಕ್ಕದರಿಂದ ದೊಡ್ಡದಕ್ಕೆ ಜೋಡ್ಸಿ ಮಧ್ಯದ್ದನ್ನ ಇಟ್ಕೊಳ್ಳಿ, ಸರಾಸರಿ ತಗೋಬೇಡಿ, ಒಂದು ಹುಚ್ಚು ರೀಡಿಂಗ್ ಬಂದ್ರೆ ಸರಾಸರಿ ಪೂರ್ತಿ ಕೆಡತ್ತೆ. ಎಕೋ ಪಿನ್ 5 ವೋಲ್ಟ್ ಬರೋದ್ರಿಂದ 3.3 ವೋಲ್ಟ್ ಬೋರ್ಡಿಗೆ 1 ಕಿಲೋ ಮತ್ತೆ 2 ಕಿಲೋ ಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳ್ಸಿ ಕೊಡಿ. ಮೆತ್ತನೆ ಬಟ್ಟೆ, ಓರೆ ಮೇಲ್ಮೈ ಇದ್ದಲ್ಲಿ ಇದನ್ನ ನಂಬ್ಬೇಡಿ. ಬಾಗಿಲಲ್ಲಿ ಒಳಗೆ ಬಂದ್ರಾ ಹೊರಗೆ ಹೋದ್ರಾ ಅಂತ ಲೆಕ್ಕ ಇಡೋಕೆ ಇದಕ್ಕಿಂತ ಎರಡು ಇನ್ಫ್ರಾರೆಡ್ ಬೀಮ್ ಹತ್ತಿರ ಹತ್ತಿರ ಹಾಕಿ ಯಾವುದು ಮೊದ್ಲು ಕಟ್ ಆಯ್ತು ಅಂತ ನೋಡೋದು ಎಷ್ಟೋ ಸುಲಭ.

ಕ್ಯಾಮೆರಾ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಕ್ಯಾಮೆರಾ ಕೊಡೋವಷ್ಟು ಮಾಹಿತಿ ಬೇರೆ ಯಾವುದೂ ಕೊಡಲ್ಲ, ಮೋಸ ಮಾಡೋದ್ರಲ್ಲೂ ಅದೇ ಮುಂದು. ಪೈಥಾನ್ ಮತ್ತೆ ಓಪನ್‌ಸಿವಿ (ಚಿತ್ರ, ವಿಡಿಯೋ ಜೊತೆ ಕೆಲಸ ಮಾಡೋಕಿರೋ ಲೈಬ್ರರಿ) ಸಾಕು.

ಕೋಡ್ ಬರೆಯೋಕ್ ಮುಂಚೆ ಕ್ಯಾಮೆರಾನ ಗಟ್ಟಿಯಾಗಿ ಕೂರ್ಸಿ. ಗಾಳಿಗೆ ಒಂದು ಕೂದಲೆಳೆಯಷ್ಟು ಅಲ್ಲಾಡಿದ್ರೂ ಚಿತ್ರದಲ್ಲಿರೋ ಎಲ್ಲ ಅಂಚುಗಳೂ ಚಲನೆ ಅಂತ ಬರತ್ತೆ. ಆಮೇಲೆ ಆಟೋ ಎಕ್ಸ್‌ಪೋಷರ್ ಮತ್ತೆ ಆಟೋ ವೈಟ್ ಬ್ಯಾಲೆನ್ಸ್ ಆಫ್ ಮಾಡೋಕಾದ್ರೆ ಮಾಡಿ, ಬಿಳಿ ಅಂಗಿ ಹಾಕಿದವರು ಫ್ರೇಮ್ ಒಳಗೆ ಬಂದ್ರೆ ಕ್ಯಾಮೆರಾ ಇಡೀ ಚಿತ್ರನ ಸ್ವಲ್ಪ ಕಪ್ಪು ಮಾಡತ್ತೆ, ನಿಮ್ಮ ಕೋಡಿಗೆ ಇಡೀ ರೂಮೇ ಚಲಿಸಿದ ಹಾಗೆ ಕಾಣ್ಸತ್ತೆ. ಹೊರಗಡೆ ಹಗಲು ರಾತ್ರಿ ಎರಡೂ ಬೇಕಾದ್ರೆ ಆಟೋ ಇಡಲೇಬೇಕಾಗತ್ತೆ, ಅದಕ್ಕೆ ಉಪಾಯ ಮುಂದೆ ಹೇಳ್ತೀನಿ. ದೀಪದ ಮಿನುಗು ಇನ್ನೊಂದು, 50 ಹರ್ಟ್ಜ್ ಕರೆಂಟಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗತ್ತೆ, ಶಟರ್ 1/50 ಅಥವಾ 1/100 ಸೆಕೆಂಡ್ ಇಟ್ರೆ ಚಿತ್ರದಲ್ಲಿ ಪಟ್ಟೆ ಓಡಲ್ಲ. 60 ಹರ್ಟ್ಜ್ ಇರೋ ಕಡೆ 1/60 ಅಥವಾ 1/120.

ಈಗ ಅತಿ ಸರಳ ದಾರಿ. ಪ್ರತಿ ಫ್ರೇಮನ್ನ 500 ಪಿಕ್ಸೆಲ್ ಅಗಲಕ್ಕೆ ಚಿಕ್ಕದು ಮಾಡಿ, ಗ್ರೇ ಮಾಡಿ, ಗಾಸಿಯನ್ ಬ್ಲರ್ ಕೊಡಿ, 21 ಬೈ 21 ಇಂದ ಶುರು ಮಾಡಬಹುದು. ಬ್ಲರ್ ಯಾಕೆ ಅಂದ್ರೆ ಸೆನ್ಸರ್ ನಾಯ್ಸ್ ಪ್ರತಿ ಪಿಕ್ಸೆಲ್ಲಲ್ಲೂ ಕುಣೀತಾ ಇರತ್ತೆ, ಅದನ್ನ ಅಕ್ಕಪಕ್ಕದ ಜೊತೆ ಬೆರ್ಸಿದ್ರೆ ತಣ್ಣಗಾಗತ್ತೆ. ಆಮೇಲೆ ಆಬ್ಸ್‌ಡಿಫ್ ಫಂಕ್ಷನ್ನಲ್ಲಿ ಹಿಂದಿನ ಫ್ರೇಮಿಂದ ಈಗಿನದ್ದು ಕಳೆಯಿರಿ, ವ್ಯತ್ಯಾಸ 25ಕ್ಕಿಂತ ಜಾಸ್ತಿ ಇರೋ ಪಿಕ್ಸೆಲ್ ಬಿಳಿ, ಉಳಿದದ್ದು ಕಪ್ಪು. ಡೈಲೇಟ್ (ಬಿಳಿ ಭಾಗನ ಉಬ್ಬಿಸೋದು) ಎರಡು ಸಲ, ಫೈಂಡ್‌ಕಾಂಟೂರ್ಸ್ ಹಾಕಿ ಬಿಳಿ ಗುಡ್ಡೆಗಳನ್ನ ಹುಡುಕಿ, ವಿಸ್ತೀರ್ಣ 500 ಪಿಕ್ಸೆಲ್‌ಗಿಂತ ಕಮ್ಮಿ ಇರೋದನ್ನ ಬಿಟ್ಟುಬಿಡಿ, ಉಳಿದದ್ದಕ್ಕೆ ಚೌಕ ಎಳೀರಿ.

ಇದನ್ನ ಓಡ್ಸಿ ನೋಡಿದ್ರೆ ಎರಡು ತೊಂದರೆ ತಕ್ಷಣ ಕಾಣತ್ತೆ. ಒಂದೇ ಬಣ್ಣದ ಬಟ್ಟೆ ಹಾಕಿದವರ ಅಂಚು ಮಾತ್ರ ಬಿಳಿ ಬರತ್ತೆ, ಒಳಗೆ ಟೊಳ್ಳು, ಯಾಕಂದ್ರೆ ಒಳಗಿನ ಪಿಕ್ಸೆಲ್ ಹಿಂದಿನ ಫ್ರೇಮಲ್ಲೂ ಅದೇ ಬಣ್ಣ ಇತ್ತಲ್ಲ. ಎರಡನೇದು ನಿಧಾನವಾಗಿ ಬರೋರು ಕಾಣೋದೇ ಇಲ್ಲ. ಅದಕ್ಕೆ ಹಿಂದಿನ ಫ್ರೇಮ್ ಬದ್ಲು ಹಿನ್ನೆಲೆಯ ಸರಾಸರಿ ಜೊತೆ ಹೋಲ್ಸಿ. ಅಕ್ಯುಮುಲೇಟ್‌ವೇಟೆಡ್ ಅಂತ ಒಂದು ಫಂಕ್ಷನ್ ಇದೆ, ಅದಕ್ಕೆ 0.05 ಕೊಟ್ರೆ ಹೊಸ ಫ್ರೇಮಿನ 5 ಪರ್ಸೆಂಟ್ ಮಾತ್ರ ಹಿನ್ನೆಲೆಗೆ ಸೇರತ್ತೆ, ಅಂದ್ರೆ ಹೆಚ್ಚುಕಮ್ಮಿ 20 ಫ್ರೇಮಿನ ನೆನಪು, ಸೆಕೆಂಡಿಗೆ 10 ಫ್ರೇಮ್ ಓಡ್ಸಿದ್ರೆ ಎರಡು ಸೆಕೆಂಡ್. 0.01 ಕೊಟ್ರೆ ಹತ್ತು ಸೆಕೆಂಡ್. ಈ ಒಂದು ನಂಬರ್ ಎಷ್ಟು ಮುಖ್ಯ ಅಂತ ಶುರುವಲ್ಲಿ ನನಗೆ ಯಾರೂ ಹೇಳಿರ್ಲಿಲ್ಲ, ಬಂದು ನಿಂತವರನ್ನ ಎಷ್ಟು ಹೊತ್ತು ಬೇರೆ ಅಂತ ನೋಡ್ಬೇಕು ಅನ್ನೋದನ್ನ ತೀರ್ಮಾನ ಮಾಡೋದು ಇದೇ.

ಹೊರಗಡೆ ಗಿಡ ಮರ ಇದ್ರೆ ಸರಾಸರಿನೂ ಸಾಲಲ್ಲ. ಒಂದು ಪಿಕ್ಸೆಲ್ ಒಂದು ಕ್ಷಣ ಎಲೆ, ಮರುಕ್ಷಣ ಆಕಾಶ, ಎರಡೂ ಅಲ್ಲಿ ಸಹಜನೇ. ಎಂಒಜಿ2 ಅನ್ನೋ ವಿಧಾನ ಪ್ರತಿ ಪಿಕ್ಸೆಲ್ಲಿಗೂ ಒಂದಕ್ಕಿಂತ ಜಾಸ್ತಿ ಬಣ್ಣನ ಹಿನ್ನೆಲೆ ಅಂತ ನೆನಪಿಟ್ಕೊಳ್ಳತ್ತೆ, ಎಲೆಯ ಹಸಿರೂ ಸರಿ ಆಕಾಶದ ನೀಲಿನೂ ಸರಿ, ಇವೆರಡೂ ಅಲ್ಲದ ಬಣ್ಣ ಬಂದ್ರೆ ಮಾತ್ರ ಕೂಗತ್ತೆ. ಓಪನ್‌ಸಿವಿಯಲ್ಲಿ ರೆಡಿ ಇದೆ, ಡಿಫಾಲ್ಟಾಗಿ ಹಿಸ್ಟರಿ 500 ಫ್ರೇಮ್, ವೇರಿಯನ್ಸ್ ಥ್ರೆಶೋಲ್ಡ್ (ಎಷ್ಟು ವ್ಯತ್ಯಾಸ ಆದ್ರೆ ಬೇರೆ ಅನ್ನೋ ಮಿತಿ) 16, ನೆರಳು ಹುಡುಕೋದು ಆನ್. ನೆರಳನ್ನ ಅದು 127 ಅನ್ನೋ ಬೂದು ಬೆಲೆಯಲ್ಲಿ ಕೊಡತ್ತೆ, ನಿಜವಾದ ವಸ್ತುನ 255ರಲ್ಲಿ, ಹಾಗಾಗಿ ಮಾಸ್ಕ್ (ಅದು ಕೊಡೋ ಕಪ್ಪು ಬಿಳಿ ಚಿತ್ರ) ಮೇಲೆ 200ರ ಥ್ರೆಶೋಲ್ಡ್ ಹಾಕಿದ್ರೆ ನೆರಳು ಉದುರಿ ಹೋಗತ್ತೆ. ಸುಮಾರು ಜನ ಈ ಸಾಲು ಮರೆತು ಸಂಜೆ ಹೊತ್ತಿನ ಉದ್ದ ನೆರಳಿಗೆಲ್ಲ ಅಲಾರಂ ಮಾಡ್ಕೊಂಡಿರ್ತಾರೆ. ಹಿಸ್ಟರಿ 500 ಅಂದ್ರೆ 25 ಫ್ರೇಮ್ ವೇಗದಲ್ಲಿ 20 ಸೆಕೆಂಡ್, ಅಷ್ಟೊತ್ತಲ್ಲಿ ಅಲ್ಲೇ ನಿಂತ ಮನುಷ್ಯನೂ ನಿಧಾನವಾಗಿ ಹಿನ್ನೆಲೆಯಲ್ಲಿ ಕರಗಿ ಹೋಗ್ತಾನೆ, ಆಮೇಲೆ ಆತ ಅಲ್ಲಿಂದ ಹೋದಾಗ ಆ ಖಾಲಿ ಜಾಗನೇ ಚಲನೆ ಅಂತ ಬರತ್ತೆ. ನಿಂತವರೂ ಬೇಕು ಅಂದ್ರೆ ಹಿನ್ನೆಲೆ ಕಲಿಯೋ ವೇಗ, ಅಂದ್ರೆ ಲರ್ನಿಂಗ್ ರೇಟ್‌ನ 0.001 ಥರ ಕಮ್ಮಿ ಇಡಿ.

ಬಿಳಿ ಮಾಸ್ಕ್ ಸಿಕ್ಕಿದ ಮೇಲೆ ಸೋಸೋ ಕೆಲಸ, ಇದೇ ಗೈಡಿನ ಜೀವಾಳ. ನಾನು ಈ ಕ್ರಮದಲ್ಲಿ ಮಾಡ್ತೀನಿ.

ಮೊದ್ಲು ಬೆಳಕು. ಒಂದೇ ಫ್ರೇಮಲ್ಲಿ ಅರವತ್ತು ಪರ್ಸೆಂಟ್ ಪಿಕ್ಸೆಲ್ ಬದಲಾಯ್ತು ಅಂದ್ರೆ ಅದು ಯಾರೋ ಬಂದಿದ್ದಲ್ಲ, ಲೈಟ್ ಹಾಕಿದ್ದು, ಮೋಡ ಸರಿದಿದ್ದು, ಇಲ್ಲ ಕ್ಯಾಮೆರಾ ನೈಟ್ ಮೋಡಿಗೆ ಹೋಗಿದ್ದು. ಆ ಫ್ರೇಮ್ ಬಿಟ್ಟು, ಮುಂದಿನ ಒಂದೆರಡು ಸೆಕೆಂಡ್ ಹಿನ್ನೆಲೆನ ಬೇಗ ಕಲಿಯೋಕೆ ಬಿಡಿ. ಆಟೋ ಎಕ್ಸ್‌ಪೋಷರ್‌ಗೆ ಹೇಳ್ತೀನಿ ಅಂದಿದ್ದ ಉಪಾಯ ಇದೇ. ಕ್ಯಾಮೆರಾಗೆ ತೀರಾ ಹತ್ರ ಬಂದವರು ಇಡೀ ಫ್ರೇಮ್ ಮುಚ್ಚಿದ್ರೂ ಇದೇ ಥರ ಕಾಣತ್ತೆ, ಹಾಗಾಗಿ ಎರಡು ಸೆಕೆಂಡ್ ಆದ್ಮೇಲೂ ಹಳೇ ಚಿತ್ರ ವಾಪಸ್ ಬರ್ಲಿಲ್ಲ ಅಂದ್ರೆ ಬೇರೆ ಥರದ ಅಲರ್ಟ್ ಕಳ್ಸಿ, ಯಾರೋ ಲೆನ್ಸ್ ಮುಚ್ಚಿರಬಹುದು.

ಎರಡನೇದು ಮಾಸ್ಕ್. ರಸ್ತೆ, ಮರದ ಕೊಂಬೆ, ಪಕ್ಕದವರ ಜಾಗ, ಇವನ್ನ ಕಪ್ಪು ಬಳಿದ ಒಂದು ಚಿತ್ರ ಮಾಡಿ ಪ್ರತಿ ಬಿಳಿ ಮಾಸ್ಕ್ ಜೊತೆ ಆಂಡ್ ಮಾಡಿ (ಎರಡರಲ್ಲೂ ಬಿಳಿ ಇರೋದು ಮಾತ್ರ ಉಳಿಯತ್ತೆ). ಸಿಸಿಟಿವಿ ಚಿತ್ರದ ಮೂಲೆಯಲ್ಲಿ ಗಡಿಯಾರ ಬರತ್ತಲ್ಲ, ಅದು ಪ್ರತಿ ಸೆಕೆಂಡೂ ಬದಲಾಗತ್ತೆ, ಅದನ್ನೂ ಮುಚ್ಚಿ. ಬೇರೆಯವರ ಕಿಟಕಿ ಬಾಗಿಲು ಕಾಣ್ತಿದ್ರೆ ಮಾಸ್ಕ್ ಅಲ್ಲ, ಕ್ಯಾಮೆರಾನೇ ತಿರುಗ್ಸಿ ಇಡಿ, ಅವರಿಗೂ ಅವರ ಜಾಗದಲ್ಲಿ ನೆಮ್ಮದಿ ಬೇಕು.

ಮೂರನೇದು ಅಳತೆ. ಇಡೀ ಚಿತ್ರಕ್ಕೆ ಒಂದೇ ಕನಿಷ್ಠ ವಿಸ್ತೀರ್ಣ ಇಡೋದು ತಪ್ಪು. ದೂರ ಎರಡರಷ್ಟಾದ್ರೆ ಚಿತ್ರದಲ್ಲಿ ವಿಸ್ತೀರ್ಣ ನಾಲ್ಕನೇ ಒಂದು ಭಾಗ ಆಗತ್ತೆ, ಹತ್ರದ ಬೆಕ್ಕು ಮತ್ತೆ ದೂರದ ಮನುಷ್ಯ ಒಂದೇ ಅಳತೆ ಬರ್ತಾರೆ. ಚಿತ್ರನ ಮೇಲೆ, ಮಧ್ಯ, ಕೆಳಗೆ ಅಂತ ಮೂರು ಪಟ್ಟಿ ಮಾಡಿ ಒಂದೊಂದಕ್ಕೂ ಬೇರೆ ಥ್ರೆಶೋಲ್ಡ್ ಇಡಿ, ನೀವೇ ಆ ಮೂರೂ ಜಾಗದಲ್ಲಿ ನಿಂತು ನಿಮ್ಮ ಚೌಕ ಎಷ್ಟು ಬರತ್ತೆ ಅಂತ ಬರ್ಕೊಂಡು ಅದ್ರ ಅರ್ಧ ಇಟ್ರೆ ಸರಿಯಾಗಿರತ್ತೆ.

ನಾಲ್ಕನೇದು ಸಮಯ. ಒಂದೇ ಫ್ರೇಮಲ್ಲಿ ಬಂದದ್ದನ್ನ ನಂಬ್ಬೇಡಿ, ಕೊನೇ ಎಂಟು ಫ್ರೇಮಲ್ಲಿ ಐದರಲ್ಲಾದ್ರೂ ಇರ್ಬೇಕು. ಐಪಿ ಕ್ಯಾಮೆರಾ (ನೆಟ್‌ವರ್ಕ್ ಮೇಲೆ ವಿಡಿಯೋ ಕಳ್ಸೋದು) ವಿಡಿಯೋದಲ್ಲಿ ಕೀಫ್ರೇಮ್ (ಆಗಾಗ ಬರೋ ಪೂರ್ತಿ ಚಿತ್ರ) ಬಂದಾಗೆಲ್ಲ ಕಂಪ್ರೆಷನ್ ಗುಣಮಟ್ಟ ಒಮ್ಮೆ ಜಿಗಿದು ಇಡೀ ಚಿತ್ರ ಸಣ್ಣಗೆ ಮಿಡಿಯತ್ತೆ, ಈ ಒಂದು ನಿಯಮದಿಂದ ಅದು ತಪ್ಪಿಹೋಗತ್ತೆ.

ಐದನೇದು, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ಸೋಸು, ಪ್ರಯಾಣ. ಪ್ರತಿ ಗುಡ್ಡೆಯ ಮಧ್ಯಬಿಂದು ತಗೊಳ್ಳಿ, ಹಿಂದಿನ ಫ್ರೇಮಿನ ಯಾವ ಬಿಂದುಗೆ ಹತ್ರ ಇದೆಯೋ ಅದೇ ನಂಬರ್ ಕೊಡಿ, ಹದಿನೈದು ಫ್ರೇಮ್ ಕಾಣ್ಲಿಲ್ಲ ಅಂದ್ರೆ ಆ ನಂಬರ್ ಅಳ್ಸಿ. ಈಗ ಪ್ರತಿ ವಸ್ತುನೂ ಶುರುವಿಂದ ಎಷ್ಟು ದೂರ ಬಂತು ಅಂತ ನೋಡಿ. ಕೊಂಬೆ ಎಷ್ಟು ಜೋರಾಗಿ ತೂಗಿದ್ರೂ ವಾಪಸ್ ಅಲ್ಲೇ ಬರತ್ತೆ, ಪರದೆನೂ ಹಾಗೇ, ಮನುಷ್ಯ ನೂರು ಪಿಕ್ಸೆಲ್ ದಾಟಿ ಮುಂದೆ ಹೋಗಿರ್ತಾನೆ. ಬರೀ ಇದೊಂದರಿಂದ ನನ್ನ ಹೊರಗಿನ ಕ್ಯಾಮೆರಾ ಗಾಳಿ ದಿನಗಳಲ್ಲೂ ಸುಮ್ನಿರೋಕ್ ಶುರು ಮಾಡ್ತು. ಕಂಬದ ಹಿಂದೆ ಹೋಗಿ ಮತ್ತೆ ಬರೋ ವಸ್ತುಗಳಿಗೆ ಕಾಲ್ಮನ್ ಫಿಲ್ಟರ್ ಹಾಕಬಹುದು, 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ್ದು, ಇಲ್ಲಿ ತನಕದ ವೇಗ ನೋಡಿ ಮುಂದೆ ಎಲ್ಲಿರತ್ತೆ ಅಂತ ಅಂದಾಜು ಕೊಡತ್ತೆ.

ಟ್ರ್ಯಾಕ್ ಸಿಕ್ಕಿದ್ರೆ ಎಣಿಕೆ ವೇಗ ಎಲ್ಲ ಸುಲಭ. ಚಿತ್ರದಲ್ಲಿ ಒಂದು ಗೆರೆ ಎಳೆದು ಬಿಂದು ಆ ಕಡೆಯಿಂದ ಈ ಕಡೆ ಬಂತಾ ನೋಡಿದ್ರೆ ಎಣಿಕೆ. ನೆಲದ ಮೇಲೆ ಅಳತೆ ಗೊತ್ತಿರೋ ಎರಡು ಗುರುತು ಇದ್ರೆ ವೇಗ, ಉದಾಹರಣೆಗೆ 4 ಮೀಟರ್ ಅಂತರನ 25 ಫ್ರೇಮ್ ವೇಗದಲ್ಲಿ 12 ಫ್ರೇಮಲ್ಲಿ ದಾಟಿದ್ರೆ 0.48 ಸೆಕೆಂಡ್, ಅಂದ್ರೆ ಗಂಟೆಗೆ 30 ಕಿಲೋಮೀಟರ್. ಫ್ರೇಮ್ ಎಣಿಸೋದಕ್ಕಿಂತ ಪ್ರತಿ ಫ್ರೇಮಿನ ಟೈಮ್‌ಸ್ಟ್ಯಾಂಪ್ ಬಳ್ಸಿ, ವೈಫೈ ಕ್ಯಾಮೆರಾ ಒಂದೇ ವೇಗದಲ್ಲಿ ಫ್ರೇಮ್ ಕಳ್ಸಲ್ಲ.

ಕ್ಯಾಮೆರಾನೇ ಚಲಿಸ್ತಿದ್ರೆ (ಗಾಡಿ ಮೇಲೆ, ಡ್ರೋನ್ ಮೇಲೆ) ಮೇಲೆ ಹೇಳಿದ್ದು ಯಾವುದೂ ನೇರವಾಗಿ ನಡೆಯಲ್ಲ. ಆಗ ಆಪ್ಟಿಕಲ್ ಫ್ಲೋ ಬೇಕು, 1981ರ ಲ್ಯೂಕಾಸ್-ಕನಾಡೆ ವಿಧಾನದಲ್ಲಿ ಚಿತ್ರದ ನೂರಿನ್ನೂರು ಮೂಲೆ ಬಿಂದುಗಳು ಎಲ್ಲಿಂದ ಎಲ್ಲಿಗೆ ಹೋದ್ವು ಅಂತ ನೋಡಿ, ಹೆಚ್ಚಿನವು ಒಟ್ಟಿಗೆ ಹೋದ ದಿಕ್ಕು ಕ್ಯಾಮೆರಾದ್ದು, ಆ ಗುಂಪಿಗೆ ಸೇರದೆ ಬೇರೆ ಕಡೆ ಹೋದವು ನಿಜವಾಗಿ ಚಲಿಸ್ತಿರೋ ವಸ್ತುಗಳು.

ಮನುಷ್ಯನೋ ನಾಯಿಯೋ ಅಂತ ಗೊತ್ತಾಗ್ಬೇಕು ಅಂದ್ರೆ ಯೋಲೋ ಥರದ ಆಬ್ಜೆಕ್ಟ್ ಡಿಟೆಕ್ಟರ್ (ಚಿತ್ರದಲ್ಲಿರೋ ವಸ್ತು ಯಾವುದು ಅಂತ ಗುರುತಿಸೋ ಪ್ರೋಗ್ರಾಂ) ಬೇಕು. ಆದ್ರೆ ಪ್ರತಿ ಫ್ರೇಮಿಗೂ ಅದನ್ನ ಓಡ್ಸಬೇಡಿ, ಚಿಕ್ಕ ಬೋರ್ಡ್ ಬಿಸಿಯಾಗಿ ಕೂರತ್ತೆ. ಮೇಲಿನ ಐದು ಸೋಸು ದಾಟಿ ಬಂದ ಚೌಕನ ಮಾತ್ರ ಕತ್ತರಿಸಿ ಕೊಡಿ. ಫ್ರಿಗೇಟ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಕೂಡ ಇದೇ ಥರ, ಮೊದ್ಲು ಚಲನೆ ನೋಡಿ ಆಮೇಲೆ ಆ ಜಾಗದಲ್ಲಿ ಮಾತ್ರ ವಸ್ತು ಹುಡುಕತ್ತೆ. ಕೋಡ್ ಬರೆಯೋಕೆ ಇಷ್ಟ ಇಲ್ದೋರು ನೇರ ಅದನ್ನೇ ಹಾಕ್ಕೊಳ್ಳಿ, ತಪ್ಪೇನಿಲ್ಲ, ಆದ್ರೂ ಅದ್ರ ಸೆಟ್ಟಿಂಗ್ ಅರ್ಥ ಆಗೋಕೆ ಮೇಲಿಂದೆಲ್ಲ ಗೊತ್ತಿರ್ಬೇಕು. ಐಪಿ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಎರಡು ಸ್ಟ್ರೀಮ್ ಇರತ್ತೆ, ಕಮ್ಮಿ ರೆಸಲ್ಯೂಷನ್‌ದ್ರಲ್ಲಿ ಚಲನೆ ಹುಡುಕಿ, ದೊಡ್ಡದನ್ನ ರೆಕಾರ್ಡ್ ಮಾಡಿ.

ರಾತ್ರಿ

ರಾತ್ರಿ ಹೊತ್ತು ಕ್ಯಾಮೆರಾದ ದೊಡ್ಡ ಶತ್ರು ಹುಳ. ಇನ್ಫ್ರಾರೆಡ್ ಎಲ್‌ಇಡಿ ಲೆನ್ಸಿನ ಸುತ್ತಲೇ ಇರೋದ್ರಿಂದ ಹತ್ರ ಹಾರೋ ಸಣ್ಣ ಹುಳನೂ ದೊಡ್ಡ ಬಿಳಿ ಉಂಡೆ ಥರ ಕಾಣತ್ತೆ, ಅದ್ರ ಹಿಂದೆ ಜೇಡ ಬಂದು ಬಲೆ ಕಟ್ಟತ್ತೆ, ಬಲೆ ಗಾಳಿಗೆ ಅಲ್ಲಾಡತ್ತೆ. ಕ್ಯಾಮೆರಾದ ಎಲ್‌ಇಡಿ ಆಫ್ ಮಾಡಿ ಒಂದೂವರೆ ಎರಡು ಮೀಟರ್ ದೂರದಲ್ಲಿ ಬೇರೆ ಇನ್ಫ್ರಾರೆಡ್ ದೀಪ ಹಾಕಿದ್ರೆ ಬಹುಪಾಲು ಹೋಗತ್ತೆ, ಮಳೆ ಹನಿ ಹೊಳೆಯೋದೂ ಕಮ್ಮಿ ಆಗತ್ತೆ. ದೀಪ 850 ನ್ಯಾನೋಮೀಟರ್ ಆದ್ರೆ ಮಂದವಾಗಿ ಕೆಂಪು ಕಾಣತ್ತೆ ಆದ್ರೆ ಕ್ಯಾಮೆರಾಗೆ ಚೆನ್ನಾಗಿ ಸಿಗತ್ತೆ, 940 ಆದ್ರೆ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೂ ಸ್ವಲ್ಪ ಕಮ್ಮಿನೇ ಸಿಗತ್ತೆ. ಕತ್ತಲಲ್ಲಿ ನಾಯ್ಸ್ ಜಾಸ್ತಿ, ಅದಕ್ಕೆ ರಾತ್ರಿಗೆ ಬೇರೆ ಥ್ರೆಶೋಲ್ಡ್ ಇಡಿ, 25ರ ಬದ್ಲು 35, 40 ಹೀಗೆ.

ಎರಡನ್ನೂ ಸೇರ್ಸೋದು

ಪಿಐಆರ್‌ಗೆ ನೆರಳು, ದೀಪದ ಬೆಳಕು, ಹಾರೋ ಹುಳ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಕ್ಯಾಮೆರಾಗೆ ಬಿಸಿ ಗಾಳಿ, ವೈಫೈ ಲೆಕ್ಕಕ್ಕಿಲ್ಲ. ಎರಡೂ ಒಟ್ಟಿಗೆ ತಪ್ಪು ಮಾಡೋ ಸಂದರ್ಭ ತೀರಾ ಕಮ್ಮಿ, ಅದಕ್ಕೆ ನಾಲ್ಕು ಸೆಕೆಂಡ್ ಒಳಗೆ ಎರಡೂ ಹೌದು ಅಂದ್ರೆ ಮಾತ್ರ ಫೋನಿಗೆ ಅಲರ್ಟ್ ಹೋಗ್ಲಿ, ಒಂದೇ ಹೌದು ಅಂದ್ರೆ ಸುಮ್ನೆ ಲಾಗಲ್ಲಿ ಬರ್ದಿಟ್ಕೊಳ್ಲಿ. ಆದ್ರೆ ದಯವಿಟ್ಟು ಒಂದು ನೆನಪಿಡಿ, ತಾನಾಗೇ ಮುಚ್ಚೋ ಗೇಟ್, ತಿರುಗೋ ಮೆಷಿನ್ ಥರ ಜನರ ಮೈಗೆ ಪೆಟ್ಟಾಗೋ ಕಡೆ ಈ ನಿಯಮ ಉಲ್ಟಾ, ಯಾವುದಾದ್ರೂ ಒಂದು ಹೌದು ಅಂದ್ರೂ ನಿಲ್ಲಲೇಬೇಕು, ಮತ್ತೆ ಅಂಥ ಜಾಗಕ್ಕೆ ಇದಕ್ಕೇ ಅಂತ ತಯಾರಾದ ಸೇಫ್ಟಿ ಸೆನ್ಸರ್ ಹಾಕಿ, ನಾವು ಕಟ್ಟಿದ್ದರ ಮೇಲೆ ಬಿಡಬೇಡಿ.

ಬ್ಯಾಟರಿ ಮೇಲಿದ್ರೆ ಬೋರ್ಡ್ ಡೀಪ್ ಸ್ಲೀಪಲ್ಲಿ ಮಲಗಿರ್ಲಿ, ಪಿಐಆರ್ ಎಬ್ಬಿಸ್ಲಿ. ಎದ್ದು ಕ್ಯಾಮೆರಾ ಶುರುವಾಗೋ ಹೊತ್ತಿಗೆ ಬಂದವರು ಫ್ರೇಮಿಂದ ಹೊರಗೆ ಹೋಗಿರ್ತಾರೆ, ಹಾಗಾಗಿ ಪಿಐಆರ್‌ನ ಕ್ಯಾಮೆರಾ ನೋಡೋ ಜಾಗಕ್ಕಿಂತ ಎರಡು ಮೂರು ಹೆಜ್ಜೆ ಮುಂಚೆನೇ ಸಿಗೋ ಹಾಗೆ ತಿರುಗ್ಸಿಡಿ. ಕರೆಂಟ್ ಇರೋ ಕಡೆ ಕೊನೇ ಐದು ಸೆಕೆಂಡ್ ಫ್ರೇಮನ್ನ ಯಾವಾಗ್ಲೂ ಮೆಮೊರಿಯಲ್ಲಿ ಇಟ್ಕೊಂಡಿದ್ರೆ ಬರೋದಕ್ಕೆ ಮುಂಚಿನ ದೃಶ್ಯನೂ ಸಿಗತ್ತೆ. 640 ಬೈ 360 ಬಣ್ಣದ ಫ್ರೇಮ್ 125 ಇಟ್ರೆ 86 ಎಂಬಿ ಆಗತ್ತೆ, ಅಷ್ಟು ಜಾಗ ಇಲ್ಲ ಅಂದ್ರೆ ಜೆಪೆಗ್ ಮಾಡಿ ಇಡಿ.

ಟೆಸ್ಟ್ ಮಾಡೋದು

ಕೈ ಆಡ್ಸಿ ನೋಡೋದು ಟೆಸ್ಟ್ ಅಲ್ಲ. ಮೊದಲು ನಡೆದು ನೋಡಿ, ಅಡ್ಡ, ನೇರ, ಓರೆ, ನಿಧಾನ, ಓಡಿ, ಪ್ರತಿ ಥರದಲ್ಲೂ ಹತ್ತು ಹತ್ತು ಸಲ, ಎಷ್ಟು ಸಲ ಹಿಡೀತು ಬರ್ಕೊಳ್ಳಿ. ಆಮೇಲೆ ಪೂರ್ತಿ 24 ಗಂಟೆ ವಿಡಿಯೋ ರೆಕಾರ್ಡ್ ಮಾಡಿ, ಅದ್ರಲ್ಲಿ ನಿಜವಾಗಿ ಜನ ಬಂದ ಟೈಮನ್ನ ನೀವೇ ಕೂತು ಗುರುತು ಹಾಕಿ, ಬೇಜಾರಿನ ಕೆಲಸ ಹೌದು ಆದ್ರೆ ಒಂದೇ ಸಲ. ಈಗ ಆ ವಿಡಿಯೋನ ಕೋಡಿಗೆ ಕೊಟ್ಟು ಎಷ್ಟು ಸುಳ್ಳು ಅಲಾರಂ, ಎಷ್ಟು ತಪ್ಪಿಸ್ಕೊಂಡ್ವು ಅಂತ ಎರಡು ನಂಬರ್ ತೆಗೀರಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ ಮತ್ತೆ ಅದೇ ವಿಡಿಯೋ ಓಡ್ಸಿ, ಎರಡು ಮೂರು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಗಾಳಿ ಇರೋ ದಿನದ್ದು, ಮಳೆ ದಿನದ್ದು, ಸಂಜೆ ಬೆಳಕು ಬದಲಾಗೋ ಹೊತ್ತಿನದ್ದು ಒಂದೊಂದು ತುಣುಕು ಆ ಸಂಗ್ರಹಕ್ಕೆ ಸೇರಿಸ್ತಾ ಹೋಗಿ, ಮತ್ತೆ ಲಾಗಲ್ಲಿ ಪ್ರತಿ ಅಲಾರಂಗೂ ಟೈಮ್, ಯಾವ ಸೆನ್ಸರ್, ಚೌಕದ ವಿಸ್ತೀರ್ಣ, ಎಷ್ಟು ಪಿಕ್ಸೆಲ್ ಪ್ರಯಾಣ, ಜೊತೆಗೆ ಒಂದು ಫೋಟೋ ಇರ್ಲಿ, ಯಾಕಂದ್ರೆ ಮುಂದಿನ ತಿಂಗಳು ನಡುರಾತ್ರಿ ಅದು ಕೂಗಿದಾಗ ಯಾಕೆ ಕೂಗ್ತು ಅಂತ ಬೆಳಗ್ಗೆ ಎದ್ದು ಆ ಒಂದು ಸಾಲಿಂದ್ಲೇ ಹೇಳೋಕಾಗ್ಬೇಕು.